ಒಂದಷ್ಟು ಹುಳ ಉಳಿಯಲಿ

ಮುಂಗಾರಿನ ಎರಡು ಮಳೆ ಬಿದ್ದು ಗರಿಕೆ ಚಿಗುರಿತೆಂದರೆ ಕುರಿ ಸಾಕುವವರ ಮನೆಯಲ್ಲಿ ಜಂತಿನ ಔಷಧಿಯ ಬಾಟಲಿ ಹೊರಬರುತ್ತದೆ. ಹಿಂಡನ್ನು ರೊಪ್ಪದಲ್ಲಿ ಕೂಡಿ, ಒಂದನ್ನೂ ಬಿಡದೆ ಕುಡಿಸಿದರೆ ನೆಮ್ಮದಿ. ಆ 'ಒಂದನ್ನೂ ಬಿಡದೆ' ಎಂಬುದೇ ಈಗ ಮುಳುವಾಗಿದೆ.

ಕುರಿಯನ್ನು ಹೆಚ್ಚು ಕಾಡುವ ಹುಳ ಹೀಮಾಂಕಸ್. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಅದರ ವಾಸ. ಎರಡು ಮೂರು ಸೆಂಟಿಮೀಟರ್ ಉದ್ದದ ಹೆಣ್ಣು ಹುಳದಲ್ಲಿ ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಅಂಡಾಶಯ ಹುರಿಯಂತೆ ಸುತ್ತಿಕೊಂಡಿರುತ್ತದೆ. ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಒಂದು ಹುಳ ದಿನಕ್ಕೆ ಹೀರುವ ರಕ್ತ 0.05 ಮಿ.ಲೀ. ಅಷ್ಟೆ, 5,000 ಹುಳಗಳಿದ್ದರೆ ಕಾಲು ಲೀಟರ್. ಮೂವತ್ತು ಕಿಲೋ ಕುರಿಯ ಮೈಯಲ್ಲಿರುವುದೇ ಎರಡು ಲೀಟರಿನ ಆಸುಪಾಸು. ಗದ್ದದ ಕೆಳಗೆ ನೀರು ತುಂಬಿ ಬಾವು ಜೋತುಬೀಳುವ ಹೊತ್ತಿಗೆ ತಡವಾಗಿರುತ್ತದೆ.

1961ರಲ್ಲಿ ಥಯಾಬೆಂಡಜೋಲ್ ಎಂಬ ಜಂತಿನ ಔಷಧಿ ಬಂತು. 1964ಕ್ಕೇ ಅದಕ್ಕೆ ಜಗ್ಗದ ಹುಳ ಕಾಣಿಸಿತು. 1981ರ ಐವರ್ಮೆಕ್ಟಿನ್ ಹತ್ತು ವರ್ಷ ತುಂಬುವ ಮೊದಲೇ ಅಲ್ಲಲ್ಲಿ ಸೋತಿತು. 2009ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬಿಡುಗಡೆಯಾದ ಮೊನೆಪಾಂಟೆಲ್‌ಗೂ ನಾಲ್ಕೈದು ವರ್ಷದಲ್ಲಿ ಅದೇ ಗತಿ. ಹೊಸ ಔಷಧಿಗೆ ಕಾಯುತ್ತಾ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ.

ಯಾವ ಹಿಂಡಿನಲ್ಲೂ ಔಷಧಿಗೆ ಸಾಯದ ನಾಲ್ಕಾರು ಹುಳ ಇದ್ದೇ ಇರುತ್ತವೆ. ಎಲ್ಲ ಕುರಿಗೂ ಕುಡಿಸಿದರೆ ಅವಷ್ಟೇ ಉಳಿದು, ತಮ್ಮತಮ್ಮಲ್ಲೇ ಕೂಡಿ ವಂಶ ಬೆಳೆಸುತ್ತವೆ. ಔಷಧಿ ಕುಡಿಯದ ಕುರಿಯೊಳಗೆ, ಹುಲ್ಲಿನ ಬುಡದಲ್ಲಿ ಔಷಧಿಗೆ ಸಾಯುವ ಹುಳಗಳಿದ್ದರೆ ಅವು ಈ ಗಟ್ಟಿ ಸಂತತಿಯೊಂದಿಗೆ ಬೆರೆತು ಅದನ್ನು ತೆಳುವಾಗಿಸುತ್ತವೆ. ಬಯಲುಸೀಮೆಯ ಕಡು ಬೇಸಿಗೆಯಲ್ಲಿ ಹುಲ್ಲಿನ ಮೇಲಿನ ಮರಿಹುಳಗಳು ಬಿಸಿಲಿಗೆ ಸುಟ್ಟುಹೋಗಿರುತ್ತವೆ. ಆಗ ಇಡೀ ಹಿಂಡಿಗೆ ಕುಡಿಸಿದರೆ ಮುಂದಿನ ಮಳೆಗಾಲಕ್ಕೆ ಗಟ್ಟಿ ಹುಳದ ಬೀಜವನ್ನೇ ಬಿತ್ತಿದಂತೆ. ಔಷಧಿ ಕುಡಿಸಿ ಕೂಡಲೇ ಹೊಸ ಮೇವಿಗೆ ಹೊಡೆಯಿರಿ ಎಂಬ ಹಳೆಯ ಸಲಹೆಯಿಂದ ಆಗುವುದೂ ಇದೇ.

ಹಾಗಾದರೆ ಯಾವ ಕುರಿಗೆ ಕುಡಿಸಬೇಕು? ದಕ್ಷಿಣ ಆಫ್ರಿಕಾದವರು ಕಂಡುಕೊಂಡ ಉತ್ತರ ಕಣ್ಣಿನಲ್ಲಿದೆ. ಅಲ್ಲಿನ ಪಶುವೈದ್ಯ ಫಫಾ ಮಲಾನ್ ಅವರ ಹೆಸರಿನಿಂದ ಬಂದ 'ಫಮಾಚಾ' ಪಟ್ಟಿಯಲ್ಲಿ ಐದು ಬಣ್ಣಗಳಿವೆ. ಕುರಿಯನ್ನು ನೆರಳಿನಿಂದ ಬಿಸಿಲಿಗೆ ತಂದು, ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆಯನ್ನು ಎಳೆದರೆ ಒಳಪೊರೆ ಉಬ್ಬಿ ಬರುತ್ತದೆ. ಕೆಂಪಗಿದ್ದರೆ ಬಿಟ್ಟುಬಿಡಿ. ಬಿಳಿಚಿದ್ದರೆ ತಕ್ಷಣ ಔಷಧಿ. ನಡುವಣ ಗುಲಾಬಿಯಾದರೆ ಮರಿಗೂ ಗಬ್ಬದ ಕುರಿಗೂ ಕೊಡುವುದು ಲೇಸು. ಹಿಂಡಿನ ಬಹುಪಾಲು ಹುಳ ಕೆಲವೇ ಕುರಿಗಳ ಹೊಟ್ಟೆಯಲ್ಲಿ ತುಂಬಿರುವುದರಿಂದ ಇಷ್ಟು ಸಾಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ವಾರ, ಹತ್ತು ದಿನಕ್ಕೊಮ್ಮೆ ನೋಡಲೇಬೇಕು. ಕೆರೆಯಂಗಳದಲ್ಲಿ ಮೇಯುವ ಕುರಿಯ ಕಣ್ಣು ಪಿತ್ತಕೋಶದ ಚಪ್ಪಟೆ ಹುಳದಿಂದಲೂ ಬಿಳಿಚಬಹುದು. ಅದನ್ನು ವೈದ್ಯರೇ ಹೇಳಬೇಕು.

ಕುಡಿಸುವ ರೀತಿಯೂ ಮುಖ್ಯ. ತೂಕವನ್ನು ಕಣ್ಣಳತೆಯಲ್ಲಿ ಹಿಡಿದು ಅರ್ಧಂಬರ್ಧ ಕೊಟ್ಟರೆ ಹುಳಕ್ಕೆ ತಾಲೀಮು ಕೊಟ್ಟಂತೆಯೇ ಸರಿ. ನಾಲಿಗೆಯ ಬುಡಕ್ಕೆ ಹೊಯ್ಯಬೇಕು, ಆಗ ಔಷಧಿ ಮೊದಲ ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಇಳಿಯುತ್ತದೆ. ನಮ್ಮ ಹಿಂಡುಗಳಲ್ಲಿ ನಾಲ್ಕಾರು ಮೇಕೆಗಳೂ ಇರುತ್ತವಲ್ಲ, ದೊಡ್ಡ ತೊಡಕು ಅಲ್ಲಿದೆ. ಮೇಕೆಯ ಮೈ ಔಷಧಿಯನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಅಳತೆ ಅದಕ್ಕೆ ಸಾಲದು. ಮೇಕೆಯೊಳಗೆ ಬದುಕುಳಿದ ಹುಳ ಅದೇ ಹುಲ್ಲಿನ ಮೂಲಕ ಕುರಿಗೆ ದಾಟುತ್ತದೆ. ಮೇಕೆಯ ಅಳತೆಯನ್ನು ವೈದ್ಯರಲ್ಲಿ ಬೇರೆಯಾಗಿಯೇ ಕೇಳಿ ತಿಳಿಯಬೇಕು.

ಔಷಧಿ ನಾಟುತ್ತಿದೆಯೇ ಎಂದು ತಿಳಿಯಲು ಹಿಕ್ಕೆ ಸಾಕು. ಕುಡಿಸುವ ದಿನ ಹತ್ತು ಹದಿನೈದು ಕುರಿಗಳ ಹಿಕ್ಕೆ, ಎರಡು ವಾರ ಬಿಟ್ಟು ಅವುಗಳದ್ದೇ ಹಿಕ್ಕೆ ತಂದು ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಎಣಿಸಬೇಕು. ಇಳಿಕೆ ಶೇ 95ಕ್ಕಿಂತ ಕಡಿಮೆಯಿದ್ದರೆ ಆ ಔಷಧಿ ಆ ಹಿಂಡಿನಲ್ಲಿ ಸೋಲುತ್ತಿದೆ. ಊರೂರಿಗೆ ಬಾಟಲಿ ಹಂಚುವ ಮೊದಲು ತಾಲ್ಲೂಕಿಗೆ ನಾಲ್ಕು ಹಿಂಡುಗಳಲ್ಲಾದರೂ ಈ ಎಣಿಕೆ ನಡೆಯಬೇಕು, ಫಲಿತಾಂಶ ಕುರಿಗಾಹಿಯ ಕೈಗೂ ಸಿಗಬೇಕು.