ಇಬ್ಬರು ದೊಡ್ಡ ನಟರು, ಒಂದು ಸಪ್ಪೆ ಸಿನಿಮಾ

ದೊಡ್ಡ ನಟರಿದ್ದರೆ ಸಿನಿಮಾ ಚೆನ್ನಾಗೇ ಇರುತ್ತೆ ಅಂತ ನಾವೆಲ್ಲ ತಿಳಿದಿರುತ್ತೇವೆ. ಹಾಗೇನಿಲ್ಲ ಅನ್ನೋದಕ್ಕೆ 2008ರಲ್ಲಿ ಬಂದ ಅಮೆರಿಕದ ‘ರೈಚಸ್ ಕಿಲ್’ ಸಿನಿಮಾ ಸಾಕ್ಷಿ.

ಇದರಲ್ಲಿ ರಾಬರ್ಟ್ ಡಿ ನಿರೋ, ಅಲ್ ಪಚೀನೋ ಇಬ್ಬರೂ ಇದ್ದಾರೆ. ಇಬ್ಬರೂ ಆಸ್ಕರ್ ಪ್ರಶಸ್ತಿ ಪಡೆದವರು. 1974ರ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ ಇಬ್ಬರೂ ಇದ್ದರೂ ಒಂದು ದೃಶ್ಯದಲ್ಲೂ ಎದುರಾಗಲಿಲ್ಲ. 1995ರ ‘ಹೀಟ್’ನಲ್ಲಿ ಪಚೀನೋ ಪೊಲೀಸು, ಡಿ ನಿರೋ ಕಳ್ಳ. ಹೋಟೆಲಿನಲ್ಲಿ ಎದುರು ಬದುರು ಕೂತು ಕಾಫಿ ಕುಡೀತಾ ಮಾತಾಡ್ತಾರೆ, ಅಷ್ಟೇ. ಗುಂಡಿಲ್ಲ, ಹೊಡೆದಾಟವಿಲ್ಲ. ಆದ್ರೂ ಜನ ಇವತ್ತಿಗೂ ಅದನ್ನ ನೆನೀತಾರೆ. ಯಾಕಂದ್ರೆ ಒಬ್ಬೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಗೊತ್ತಿರುತ್ತೆ.

‘ರೈಚಸ್ ಕಿಲ್’ನಲ್ಲಿ ಇಬ್ಬರೂ ಹೆಚ್ಚುಕಡಿಮೆ ಪೂರ್ತಿ ಜೊತೆಗೇ ಇರುತ್ತಾರೆ. ನ್ಯೂಯಾರ್ಕಿನ ಪತ್ತೇದಾರಿ ಪೊಲೀಸರು. ಶಿಕ್ಷೆಯಿಂದ ತಪ್ಪಿಸಿಕೊಂಡ ಕೇಡಿಗಳನ್ನು ಯಾರೋ ಕೊಂದು, ಹೆಣದ ಹತ್ತಿರ ಪದ್ಯ ಬರೆದ ಚೀಟಿ ಇಟ್ಟು ಹೋಗುತ್ತಾರೆ. ಕೊಂದವನು ಪೊಲೀಸನೇ ಇರಬಹುದೆಂದು ಸಂಶಯ ಹುಟ್ಟುತ್ತದೆ. ಕತೆ ಚೆನ್ನಾಗಿದೆ ಅಲ್ವಾ?

ಕೆಟ್ಟಿದ್ದೇ ಇಲ್ಲಿ. ಕೊನೇತನಕ ಗುಟ್ಟು ಉಳೀಬೇಕು, ಹಾಗಾಗಿ ನಟರು ಒಳಗಿನದನ್ನು ಮುಖದಲ್ಲಿ ತೋರಿಸುವಂತಿಲ್ಲ. ದುರ್ಯೋಧನನ ಪಾತ್ರ ಕೊಟ್ಟು, ಸಿಟ್ಟು ಮಾತ್ರ ತೋರಿಸ್ಬೇಡಪ್ಪಾ ಅಂದ ಹಾಗೆ! ಅಭಿನಯಕ್ಕೆ ಜಾಗವೇ ಇಲ್ಲ. ಉಳಿದದ್ದು ಒರಟು ಮಾತು, ಪಿಸ್ತೂಲು, ಓಡಾಟ. ಅದಕ್ಕೆ ಯಾವ ನಟರಾದ್ರೂ ಸಾಕಿತ್ತು.

ನಿರ್ದೇಶಕರು ಜಾನ್ ಆವ್ನೆಟ್. ಶುರುವಿನಲ್ಲೇ ಡಿ ನಿರೋ ತಪ್ಪೊಪ್ಪಿಕೊಳ್ಳುವ ವೀಡಿಯೋ ತೋರಿಸಿ ನಮ್ಮನ್ನು ದಾರಿ ತಪ್ಪಿಸಲು ನೋಡುತ್ತಾರೆ. ಕೊಲೆಗಾರ ಯಾರು ಅಂತ ನಾನು ಹೇಳೋಲ್ಲ. ಹೇಳಬೇಕಾಗಿಯೂ ಇಲ್ಲ, ಅರ್ಧ ಸಿನಿಮಾಕ್ಕೆ ನಿಮಗೇ ಗೊತ್ತಾಗುತ್ತೆ.