ಹಿಮ ನೋಡಹೊರಟ ನಾಯಿ

ದೀಪಾವಳಿ ಕಳೆದು ಚಳಿ ಕಾಲಿಟ್ಟಿತೆಂದರೆ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಿಂದೆ ರಜೆಯೆಂದರೆ ಧಾರವಾಡ, ವಿಜಾಪುರ, ಗದಗು, ಅಷ್ಟಕ್ಕೇ ಮುಗಿಯಿತು. ಅಜ್ಜಿಯ ಊರಿಗೆ ಹೋಗಲು ಯಾರೂ ನಕ್ಷೆ ಬಿಡಿಸಿ ಕೂಡುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಹಿಮ ನೋಡಬೇಕು. ಗುಲ್ಮರ್ಗ, ಔಲಿ, ಮನಾಲಿಯ ಮೇಲಿನ ಸೋಲಾಂಗ್ ಕಣಿವೆ, ಇವೇ ಅವರ ಬಾಯಲ್ಲಿ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟವನ್ನು ಕಲಿಯಬೇಕಂತೆ. ಆಗಲಿ, ಅದೂ ಆಗಿಹೋಗಲಿ. ಆದರೆ ಪೆಟ್ಟಿಗೆ ಕಟ್ಟುವ ಹೊತ್ತಿಗೆ ಮನೆಯ ನಾಯಿ ಹೊಸ್ತಿಲಿಗೆ ಅಡ್ಡ ಮಲಗಿ ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದಾಗ ನಿಜವಾದ ಪ್ರಶ್ನೆ ಹುಟ್ಟುತ್ತದೆ: ಇದನ್ನೇನು ಮಾಡೋಣ?

ಊರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮನೆಮಂದಿಯೆಲ್ಲ ಜಾತ್ರೆಗೆ ಹೋದರೂ ನಾಯಿ ಹಿತ್ತಲಲ್ಲಿಯೇ ಇರುತ್ತಿತ್ತು; ಪಕ್ಕದ ಮನೆಯ ಕಾಕೂ ಹೊತ್ತಿಗೊಂದು ರೊಟ್ಟಿ ಹಾಕುತ್ತಿದ್ದರು, ಹಕ್ಕಿನಿಂದ ಎರಡು ಬೈಗಳನ್ನೂ ಬೈಯುತ್ತಿದ್ದರು. ಇಲ್ಲಿ ಕೋಥರೂಡದಲ್ಲಿಯೋ ವಾಕಡದಲ್ಲಿಯೋ ನಾಲ್ಕನೆಯ ಅಂತಸ್ತಿನ ಮನೆಗೆ ಬೀಗ ಹಾಕಿ ಹೊರಟರೆ ನಾಯಿಗೆ ಹಿತ್ತಲೂ ಇಲ್ಲ, ಕಾಕೂನೂ ಇಲ್ಲ. ಹೀಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ನಾಯಿಯ ರಜೆಯೂ ಒಂದು ಸಂಸಾರದ ಸಮಸ್ಯೆಯಾಗಿ ಕೂತಿದೆ.

ನಾಯಿಯನ್ನು ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋದವರಲ್ಲಿ ನಮ್ಮ ಪುರಾಣದ ಮೊದಲಿಗ ಧರ್ಮರಾಯ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ನಾಯಿ ಮಾತ್ರ ಕೊನೆತನಕ ಹಿಂದೆ ಬಂತು. ನಾಯಿಯನ್ನು ಬಿಟ್ಟು ರಥ ಹತ್ತೆಂದು ಇಂದ್ರನು ಹೇಳಿದರೂ ಆತ ಹತ್ತಲಿಲ್ಲ. ಈ ಕಥೆಯನ್ನು ಗದುಗಿನ ಭಾರತದಲ್ಲಿ ಹುಡುಕಿದರೆ ಸಿಕ್ಕದು. ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿದನು. ಮುಂದಿನದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಿದನು. ಅದಿರಲಿ. ಧರ್ಮರಾಯನ ಸಂಗಡ ಬಂದುದು ಸಾಕ್ಷಾತ್ ಧರ್ಮ. ಅದಕ್ಕೆ ಚಳಿಯಿಲ್ಲ, ಹಸಿವಿಲ್ಲ, ರೈಲಿನ ಚೀಟಿಯೂ ಬೇಡ. ನಮ್ಮ ಮನೆಯ ಮೋತಿಗೆ ಇವೆಲ್ಲವೂ ಇವೆ. ಮೋತಿಯನ್ನು ನಾವು ಮಹಾಬಳೇಶ್ವರಕ್ಕೆ ಒಯ್ದಿದ್ದೇವೆ, ಹಿಮಕ್ಕೆ ಒಯ್ದಿಲ್ಲ, ಒಯ್ಯುವುದೂ ಇಲ್ಲ. ಏಕೆಂದರೆ ಅದು ಮುಧೋಳದ ನಾಯಿ.

ಮುಧೋಳ ನಾಯಿಯ ಪರಿಚಯ ನಮ್ಮ ವಾಚಕರಿಗೆ ಹೊಸದಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ರಾಜಮನೆತನದವರು ಪೋಷಿಸಿದ ಬೇಟೆನಾಯಿ ಅದು. ಇದೇ ಜಾತಿಯನ್ನು ಮಹಾರಾಷ್ಟ್ರದವರು ಕಾರವಾನ್ ಎನ್ನುತ್ತಾರೆ; ಗಡಿಯ ಈಚೆಗೊಂದು ಹೆಸರು, ಆಚೆಗೊಂದು ಹೆಸರು, ನಾಯಿ ಒಂದೇ. ನಮ್ಮ ಹಾಗೆಯೇ ಎನ್ನಿ. 2005ರಲ್ಲಿ ಭಾರತೀಯ ಅಂಚೆಯವರು ಹೊರಡಿಸಿದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನ ಸಿಕ್ಕಿತು. 2016ರಲ್ಲಿ ಸೈನ್ಯದವರು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದರು. ಇಷ್ಟೆಲ್ಲ ಕೀರ್ತಿಯಿದ್ದರೂ ಇದರ ಮೈ ನೋಡಿ: ಪಕ್ಕೆಲುಬು ಎಣಿಸುವಂಥ ತೆಳ್ಳನೆಯ ಶರೀರ, ಎಣ್ಣೆ ಹಚ್ಚಿದಂತೆ ಮೈಗಂಟಿದ ಸಣ್ಣ ಕೂದಲು, ಕೊಬ್ಬೆಂಬುದು ಹೆಸರಿಗೂ ಇಲ್ಲ. ಬಯಲುಸೀಮೆಯ ಬಿಸಿಲಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಜೀವ. ಪುಣೆಯ ಡಿಸೆಂಬರ್ ಮುಂಜಾವಿನಲ್ಲಿಯೇ ಅದು ಹೊದಿಕೆಯೊಳಗೆ ಮೂಗು ತೂರಿಸುತ್ತದೆ.

ಹಿಮದ ನಾಯಿಗಳ ಘಟನೆಯೇ ಬೇರೆ. ಅವಕ್ಕೆ ಎರಡು ಪದರಿನ ಕೂದಲು. ಒಳಗೆ ಹತ್ತಿಯಂಥ ಮೆತ್ತನೆಯ ಪದರು, ಹೊರಗೆ ನೀರು ಇಳಿಯದ ಉದ್ದ ಕೂದಲು. ನಮ್ಮ ಹಿಮಾಲಯದ ಕುರುಬರೊಡನೆ ತಿರುಗುವ ಭೋಟಿಯಾ ನಾಯಿಗಳು ಹೀಗಿರುತ್ತವೆ. ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲೆಂದು ಅವುಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುವುದುಂಟು. ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದವರು ಸಾಕಿದ ನಾಯಿಗಳಂತೂ ಲೋಕಪ್ರಸಿದ್ಧ. ಅವುಗಳಲ್ಲಿ 1800ರಿಂದ 1814ರ ವರೆಗೆ ಬದುಕಿದ್ದ ಬ್ಯಾರಿ ಎಂಬ ನಾಯಿ ನಾಲ್ವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಪ್ರತೀತಿ. ಅದರ ದೇಹವನ್ನು ಬೆರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಚಿತ್ರಗಳಲ್ಲಿ ಆ ನಾಯಿಗಳ ಕೊರಳಲ್ಲಿ ಬ್ರಾಂದಿಯ ಪುಟ್ಟ ಪೀಪಾಯಿ ತೂಗುತ್ತಿರುತ್ತದಷ್ಟೆ? ಅದು 1820ರಲ್ಲಿ ಲ್ಯಾಂಡ್‌ಸೀರ್ ಎಂಬ ಆಂಗ್ಲ ತರುಣ ಚಿತ್ರಕಾರ ಬರೆದ ಚಿತ್ರದಿಂದ ಹಬ್ಬಿದ ಕಲ್ಪನೆ. ಚಳಿಯಿಂದ ಸೆಟೆದವನಿಗೆ ಮದ್ಯ ಕುಡಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಮೈಯ ಕಾವು ಇನ್ನಷ್ಟು ಹೊರಗೆ ಹೋಗುತ್ತದೆಯೇ ಹೊರತು ಉಪಕಾರವಾಗದು.

ಮನೆಯಲ್ಲಿ ದಟ್ಟ ಕೂದಲಿನ ನಾಯಿಯಿದ್ದು, ಹಿಮಕ್ಕೆ ಕರೆದೊಯ್ಯಲೇಬೇಕೆಂಬ ಹಟವಿದ್ದರೆ ಕೆಲವು ಸಂಗತಿ ತಿಳಿದಿರಲಿ. ಮೊದಲನೆಯದು ಪಾದ. ಬೆರಳ ಸಂದಿನ ಕೂದಲಿಗೆ ಹಿಮ ಹತ್ತಿ ಗೋಲಿಯಂತೆ ಗಟ್ಟಿಯಾಗುತ್ತದೆ. ನಾಯಿ ಕುಂಟತೊಡಗುತ್ತದೆ, ನಾವು ಕಾಲು ಉಳುಕಿತೆಂದು ತಿಳಿಯುತ್ತೇವೆ. ಹೊರಡುವ ಮುನ್ನ ಆ ಕೂದಲನ್ನು ಕತ್ತರಿಸಬೇಕು. ತಿರುಗಾಡಿ ಬಂದಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು ಒರಸಬೇಕು. ಕಿವಿಯ ತುದಿ, ಬಾಲದ ತುದಿಗಳಿಗೆ ಚಳಿ ಮೊದಲು ತಟ್ಟುತ್ತದೆ. ಇನ್ನು ಮೋಟಾರಿನ ಯಂತ್ರದ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವವೊಂದಿದೆ. ಅದು ರುಚಿಗೆ ಸಿಹಿ, ನಾಯಿಗೆ ವಿಷ; ನಾಲ್ಕು ಗುಟುಕು ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ. ಮೋಟಾರು ನಿಲ್ಲುವ ತಾಣಗಳಲ್ಲಿ ನೆಲ ನೆಕ್ಕಗೊಡಬಾರದು.

ಎತ್ತರದ ಮಾತನ್ನೂ ಮರೆಯಲಾಗದು. ನಮ್ಮ ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್. ಗುಲ್ಮರ್ಗ 2,650 ಮೀಟರ್. ಅಲ್ಲಿಂದ ತೂಗುಡೋಲಿಯಲ್ಲಿ ಅಫರ್ವತ್ ಬೆಟ್ಟದ ಮೇಲೇರಿದರೆ 3,900 ಮೀಟರ್ ದಾಟುತ್ತದೆ. ತೆಳುಗಾಳಿಯಲ್ಲಿ ಮನುಷ್ಯನಿಗೆ ತಲೆ ಸಿಡಿದರೆ ಹೇಳುತ್ತಾನೆ. ನಾಯಿ ಹೇಳುವುದಿಲ್ಲ, ಊಟ ಬಿಟ್ಟು ಮೂಲೆ ಹಿಡಿಯುತ್ತದೆ. ಪಗ್ ಮುಂತಾದ ಚಪ್ಪಟೆ ಮೂಗಿನ ನಾಯಿಗಳಿಗಂತೂ ಈ ಪ್ರಯಾಣ ಸಲ್ಲದು. ಇನ್ನು ಸ್ಕೀ ಆಡುವ ಇಳಿಜಾರು. ಅಲ್ಲಿ ನಾಯಿಗೆ ಕೆಲಸವೇ ಇಲ್ಲ. ಸ್ಕೀ ಹಲಗೆಯ ಅಂಚಿಗೆ ಉಕ್ಕಿನ ಪಟ್ಟಿಯಿರುತ್ತದೆ. ಯಜಮಾನನ ಹಿಂದೆ ಪ್ರೀತಿಯಿಂದ ಓಡಿದ ನಾಯಿಯ ಕಾಲಿನ ನರ ಅದಕ್ಕೆ ಸಿಕ್ಕಿ ಕತ್ತರಿಸಿಹೋಗಬಹುದು. ಪರದೇಶಗಳ ಸ್ಕೀ ತಾಣಗಳಲ್ಲಿ, ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ತರಬೇತಿ ಪಡೆದ ನಾಯಿಗಳ ಹೊರತು ಬೇರೆ ನಾಯಿಗಳನ್ನು ಇಳಿಜಾರಿಗೆ ಬಹುಮಟ್ಟಿಗೆ ಬಿಡುವುದಿಲ್ಲ. ಮನೆಯವರಲ್ಲೊಬ್ಬರು ಕೆಳಗೆ ನಾಯಿಯೊಡನೆ ಕೂಡಬೇಕು. ಯಾರು ಕೂಡುತ್ತಾರೆಂಬುದನ್ನು ಪುಣೆಯಲ್ಲಿಯೇ ತೀರ್ಮಾನಿಸುವುದು ಲೇಸು. ಹೆಚ್ಚಾಗಿ ಅದು ತಾಯಂದಿರ ಪಾಲಿಗೇ ಬರುತ್ತದೆ, ಅದು ನ್ಯಾಯವಲ್ಲ.

ಹೋಗುವುದಾದರೂ ಹೇಗೆ? ಪುಣೆಯಿಂದ ಜಮ್ಮುವಿಗೆ ಝೇಲಂ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಯ ದಾರಿ. ರೈಲ್ವೆಯ ನಿಯಮದಂತೆ ನಾಯಿಯನ್ನು ಜೊತೆಯಲ್ಲಿ ಕೂಡಿಸಿಕೊಳ್ಳಬೇಕಾದರೆ ಮೊದಲ ದರ್ಜೆಯಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕೋಣೆಯನ್ನೋ ಪೂರ್ತಿ ಹಿಡಿಯಬೇಕು. ಮಲಗುವ ಬೋಗಿ, ಎರಡು ಮೂರು ಅಂತಸ್ತಿನ ಹವಾನಿಯಂತ್ರಿತ ಬೋಗಿ, ಕುರ್ಚಿಯ ಬೋಗಿ, ಇವುಗಳಲ್ಲಿ ಪ್ರವೇಶವಿಲ್ಲ. ಆದುದರಿಂದ ಮೊದಲ ದರ್ಜೆ ಜೋಡಿಸಿದ ರೈಲನ್ನೇ ಹುಡುಕಿ ಹೊರಡಬೇಕು. ಮೊದಲ ದರ್ಜೆಯ ಚೀಟಿ ಕೊಂಡರೂ ಕೂಪೆಯೇ ಸಿಕ್ಕುವುದೆಂಬ ಭರವಸೆಯಿಲ್ಲ. ಕೊನೆಯ ಪಟ್ಟಿ ಸಿದ್ಧವಾದಾಗಲೇ ತಿಳಿಯುವುದು. ಆಮೇಲೆ ನಾಯಿಯನ್ನು ಪಾರ್ಸಲ್ ಕಚೇರಿಗೆ ಕರೆದೊಯ್ದು, ಪಶುವೈದ್ಯರ ಪ್ರಮಾಣಪತ್ರ ತೋರಿಸಿ, ಸಾಮಾನಿನ ಲೆಕ್ಕದಲ್ಲಿ ಹಣ ಕಟ್ಟಬೇಕು. ಸಹಪ್ರಯಾಣಿಕರು ಆಕ್ಷೇಪಿಸಿದರೆ ಗಾರ್ಡಿನ ಡಬ್ಬಿಗೆ ಸಾಗಿಸುತ್ತಾರೆ, ಹಣ ಮರಳುವುದಿಲ್ಲ. ಗಾರ್ಡಿನ ಡಬ್ಬಿಯಲ್ಲಿ ನಾಯಿಗಾಗಿ ಒಂದು ಪೆಟ್ಟಿಗೆಯಿರುತ್ತದೆ. ಮಿರಜ, ಬೆಳಗಾವಿ, ಹುಬ್ಬಳ್ಳಿ ತನಕದ ಒಂದು ರಾತ್ರಿಗಾದರೆ ಗಟ್ಟಿಮುಟ್ಟಾದ ನಾಯಿ ಅದನ್ನು ತಾಳಿಕೊಂಡೀತು. ದೊಡ್ಡ ನಿಲ್ದಾಣಗಳಲ್ಲಿ ನಾವೇ ಇಳಿದು ಓಡಿ ನೀರು ಕೊಡಬೇಕು. ಎರಡು ರಾತ್ರಿಗೆ ಅದರಲ್ಲಿ ಹಾಕುವುದಕ್ಕೆ ನಮ್ಮ ಮನಸ್ಸು ಒಪ್ಪುವುದಿಲ್ಲ.

ಹೀಗೆ ಲೆಕ್ಕ ಹಾಕಿಯೇ ನಾವು ಮಹಾಬಳೇಶ್ವರವನ್ನು ಆರಿಸಿಕೊಂಡೆವು. ಪುಣೆಯಿಂದ ಸುಮಾರು 120 ಕಿಲೋಮೀಟರ್, ಎತ್ತರ 1,350 ಮೀಟರಿಗೂ ಮಿಕ್ಕು. ಹಿಮವಿಲ್ಲ ನಿಜ, ಮಕ್ಕಳು ಮೊದಲು ಮುಖ ಊದಿಸಿದ್ದೂ ನಿಜ. ಆದರೆ ಜನವರಿಯ ಬೆಳಗಿನಲ್ಲಿ ವೆಣ್ಣಾ ಕೆರೆಯ ಬದಿಯಲ್ಲಿ ಹುಲ್ಲಿನ ಮೇಲಣ ಇಬ್ಬನಿ ಕೆಲವೊಮ್ಮೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದನ್ನು ಮುಟ್ಟಿ ನೋಡಿದಮೇಲೆ ಊದಿದ ಮುಖ ಇಳಿಯಿತು. ಮೋತಿ ಮಾತ್ರ ಒಂದು ಕಾಲಿಟ್ಟು ಹಿಂದೆಗೆಯಿತು.

ಮೋಟಾರಿನಲ್ಲಿ ಹೋಗುವವರು ಹೊರಡುವ ಮೂರು ತಾಸು ಮೊದಲೇ ನಾಯಿಯ ಊಟ ಮುಗಿಸಬೇಕು. ಪಸರಣಿ ಘಾಟದ ತಿರುವುಗಳಲ್ಲಿ ತುಂಬಿದ ಹೊಟ್ಟೆ ನಿಲ್ಲದು. ಇನ್ನೊಂದು ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು: ಬಿಸಿಲಲ್ಲಿ ನಿಂತ ಮೋಟಾರಿನಲ್ಲಿ ನಾಯಿಯನ್ನು ಕೂಡಿಹಾಕಿ ಚಹಕ್ಕೆ ಹೋಗಬಾರದು. ಹೊರಗೆ 24 ಡಿಗ್ರಿಯಿದ್ದರೂ ಅರ್ಧ ತಾಸಿನೊಳಗೆ ಒಳಗೆ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ಅದರ ಬೀಸಣಿಗೆ. ಕಿಟಕಿಯನ್ನು ಎರಡು ಬೆರಳು ಇಳಿಸಿದ್ದೇವೆಂಬ ಸಮಾಧಾನ ಯಾವ ನಾಯಿಯನ್ನೂ ಉಳಿಸಿಲ್ಲ.

ಗಿರಿಧಾಮದಲ್ಲಿ ಕೋತಿಗಳ ಕಾಟ, ಬಾಡಿಗೆ ಕುದುರೆಗಳ ಓಡಾಟ ಎರಡೂ ಉಂಟು. ಹಗ್ಗ ಕೈಯಲ್ಲಿ ಬಿಗಿಯಾಗಿದ್ದರೆ ಎರಡೂ ದೊಡ್ಡ ವಿಷಯವಲ್ಲ. ಭಯಪಡಬೇಕಾದುದು ಚಿರತೆಗೆ. ಸಹ್ಯಾದ್ರಿಯಲ್ಲಾಗಲಿ ಹಿಮಾಲಯದಲ್ಲಾಗಲಿ ಊರಂಚಿನ ಚಿರತೆಗೆ ನಾಯಿ ಸುಲಭದ ಬೇಟೆ. ಕತ್ತಲಾದಮೇಲೆ ವರಾಂಡದಲ್ಲಿ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ. ರಾತ್ರಿ ಅದು ಕೋಣೆಯೊಳಗೇ ಮಲಗಬೇಕು. ನಾವು ಇಳಿದ ಬಿಡಾರದವರು ನಾಯಿಗೆ ಅನುಮತಿಯುಂಟೆಂದು ಮೊದಲು ಒಪ್ಪಿ, ಹೋದಮೇಲೆ ಅಂಗಳದಲ್ಲಿ ಕಟ್ಟಿರೆಂದರು. ಅರ್ಧ ತಾಸು ವಾದ ನಡೆದು ಕೊನೆಗೆ ಕೋಣೆಯೊಳಗೆ ಬಿಟ್ಟರು. ಅನುಮತಿ ಎಂಬ ಶಬ್ದಕ್ಕೆ ಕೋಣೆ ಎಂದು ಅರ್ಥವೋ ಅಂಗಳ ಎಂದು ಅರ್ಥವೋ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಅಭಯಾರಣ್ಯಗಳೊಳಗೆ ನಾಯಿಯನ್ನು ಒಯ್ಯಲಾಗದು. ಕಾಡಿನ ಹುಲ್ಲಿನಲ್ಲಿ ತಿರುಗಿ ಬಂದರೆ ಕಿವಿಯ ಹಿಂದೆ, ಬೆರಳ ಸಂದಿನಲ್ಲಿ ಉಣ್ಣೆಗಳನ್ನು ಹುಡುಕಿ ತೆಗೆಯಬೇಕು. ಮಕ್ಕಳು ತಾವು ತಿನ್ನುವ ಚಾಕೊಲೇಟು, ದ್ರಾಕ್ಷಿ, ಮನುಕಗಳನ್ನು ಪ್ರೀತಿಯಿಂದ ಅದರ ಬಾಯಿಗಿಡದಂತೆ ನೋಡಿಕೊಳ್ಳಬೇಕು. ಅವು ನಾಯಿಗೆ ವಿಷ.

ರೇಬೀಸ್ ಲಸಿಕೆಯ ಪುಸ್ತಕ ಜೊತೆಯಲ್ಲಿರಲಿ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರರು ಒಂಬತ್ತು ವರ್ಷದ ಬಾಲಕನಿಗೆ ಆ ಲಸಿಕೆ ಹಾಕಿಸಿ ಬದುಕಿಸಿದಂದಿನಿಂದ ಈ ರೋಗವನ್ನು ತಡೆಯುವ ದಾರಿ ನಮಗೆ ಗೊತ್ತಿದೆ. ರೋಗದ ಲಕ್ಷಣ ಕಾಣಿಸಿಕೊಂಡಮೇಲೆ ಮಾತ್ರ ಇಂದಿಗೂ ಉಳಿಗಾಲವಿಲ್ಲವೆಂದೇ ಹೇಳಬೇಕು. ಬಿಡಾರದಲ್ಲಿ ನಾಯಿಯನ್ನು ಕಂಡರೆ ಹೆದರುವವರೂ ಇರುತ್ತಾರೆ. ಅವರಿಗೆ “ಏನೂ ಮಾಡುವುದಿಲ್ಲ ಬನ್ನಿ” ಎನ್ನುವುದಕ್ಕಿಂತ ನಾಯಿಯನ್ನು ಪಕ್ಕಕ್ಕೆಳೆದು ದಾರಿ ಬಿಡುವುದು ಮರ್ಯಾದೆ.

ಮುದಿ ನಾಯಿ, ಬಸಿರ ನಾಯಿ, ಹೃದ್ರೋಗದ ನಾಯಿ ಇವುಗಳನ್ನು ಮನೆಯಲ್ಲಿ ಬಿಡುವುದೇ ಸರಿ. ಪರಿಚಿತರು ಮನೆಗೆ ಬಂದು ಉಳಿದರೆ ಎಲ್ಲಕ್ಕಿಂತ ಉತ್ತಮ. ನಮ್ಮ ಕನ್ನಡ ಮನೆಗಳು ಪರಸ್ಪರ ಈ ಉಪಕಾರ ಮಾಡಿಕೊಳ್ಳಬಹುದು, ಇಂದು ನಿಮ್ಮ ನಾಯಿ ನಮ್ಮಲ್ಲಿ, ಬೇಸಗೆಗೆ ನಮ್ಮದು ನಿಮ್ಮಲ್ಲಿ. ಹಣ ಕೊಟ್ಟು ನಾಯಿ ಬಿಡುವ ಜಾಗಕ್ಕೆ ಒಯ್ಯುವುದಾದರೆ ಮೊದಲು ಒಂದು ರಾತ್ರಿ ಬಿಟ್ಟು ಪರೀಕ್ಷಿಸಬೇಕು. ಅಲ್ಲಿ ನೋಡಿಕೊಳ್ಳುವವರು ಮರಾಠಿಯಲ್ಲಿ “ಯೇ”, “ಬಸ್” ಎನ್ನುತ್ತಾರೆ. ನಮ್ಮ ನಾಯಿಗಳಿಗೆ ತಿಳಿಯುವುದು ಕನ್ನಡ. ಮೋತಿಯನ್ನು ಬಿಡುವಾಗ “ಬಾ”, “ಕೂಡು”, “ಬ್ಯಾಡ”, “ಸಾಕು” ಎಂಬ ನಾಲ್ಕು ಶಬ್ದಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥ ಬರೆದು ಕೊಟ್ಟಿದ್ದೆವು. ಅಲ್ಲಿಯ ಹುಡುಗ ಅವುಗಳನ್ನು ಎರಡು ಸಲ ಓದಿ ಕರೆದ, ಮೋತಿ ಎದ್ದು ಹೋಯಿತು. ಅದೇ ಚೀಟಿಯ ಹಿಂಬದಿಗೆ ಪಶುವೈದ್ಯರ ಹೆಸರು, ದೂರವಾಣಿ ಸಂಖ್ಯೆಗಳನ್ನೂ ಬರೆದಿರಬೇಕು.