ಗುಡ್ಡದ ದಾರಿ ಉಳಿಸುವ ಕೈಗಳು

ಸವದತ್ತಿ ಸಮೀಪದ ನವಿಲುತೀರ್ಥವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅಲ್ಲಿ ಮಲಪ್ರಭಾ ನದಿ ಮರಳುಗಲ್ಲಿನ ಗುಡ್ಡವನ್ನೇ ಸೀಳಿಕೊಂಡು ಹರಿದಿದೆ. ಕಲ್ಲನ್ನು ಕೊರೆದ ನೀರಿಗೆ ಮಣ್ಣಿನ ಕಾಲುದಾರಿ ಯಾವ ಲೆಕ್ಕ? ಪರಸಗಡ ಕೋಟೆಗೆ ಹತ್ತುವ ದಾರಿಯಿರಲಿ, ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳದ ದಾರಿಯಿರಲಿ, ಅವುಗಳ ಮುಖ್ಯ ವೈರಿ ಮಳೆನೀರೇ.

ಇದು ಹೇಗೆಂದು ನೋಡೋಣ. ಜನ ಓಡಾಡಿದಲ್ಲಿ ಹುಲ್ಲು ಸಾಯುತ್ತದೆ, ಮಣ್ಣು ಬಿಗಿಯಾಗುತ್ತದೆ. ನೀರು ಇಂಗದೆ ದಾರಿಯುದ್ದಕ್ಕೂ ಹರಿಯತೊಡಗುತ್ತದೆ. ಇಳಿಜಾರಿನಲ್ಲಿ ಅದರ ವೇಗ ಇಮ್ಮಡಿಯಾದರೆ, ಅದು ಉರುಳಿಸಬಲ್ಲ ಕಲ್ಲಿನ ತೂಕ ಲೆಕ್ಕದ ಪ್ರಕಾರ 64 ಪಟ್ಟಾಗುತ್ತದೆ! ದಾರಿ ಕೊರಕಲಾದಾಗ ಜನ ಪಕ್ಕದಲ್ಲಿ ನಡೆಯುತ್ತಾರೆ. ಅಲ್ಲಿಯೂ ಹುಲ್ಲು ಸಾಯುತ್ತದೆ. ಹೀಗೆ ಒಂದು ದಾರಿ ಮೂರಾಗಿ, ಗುಡ್ಡವೇ ಬೋಳಾಗುತ್ತದೆ.

ಇದಕ್ಕೆ ಉಪಾಯ ಸರಳ. ರೈತರು ಹೊಲಕ್ಕೆ ಒಡ್ಡು ಹಾಕುವುದು ನೀರನ್ನು ತಡೆದು ಇಂಗಿಸಲು. ದಾರಿಯಲ್ಲಾದರೋ ನೀರನ್ನು ಬೇಗ ಹೊರಗೆ ಕಳಿಸಬೇಕು. ಅದಕ್ಕಾಗಿ ದಾರಿಗೆ ಓರೆಯಾಗಿ ಕಲ್ಲುಗಳ ಸಾಲನ್ನು ಹೂಳುತ್ತಾರೆ. ನೀರು ಅದಕ್ಕೆ ತಾಗಿ, ಪಕ್ಕದ ಪೊದೆಗಳತ್ತ ಹರಿದುಹೋಗುತ್ತದೆ. ಆದರೆ ಹೊರಹೋಗುವ ಬಾಯಿಯಲ್ಲಿ ತರಗೆಲೆ, ಹೂಳು ತುಂಬಿದರೆ ನೀರು ಕಲ್ಲನ್ನು ಹಾರಿ ಮತ್ತೆ ದಾರಿ ಹಿಡಿಯುತ್ತದೆ. ಆದ್ದರಿಂದ ಕಲ್ಲು ಹೂಳುವುದು ಒಂದು ದಿನದ ಕೆಲಸವಾದರೆ, ಆ ಬಾಯಿಯನ್ನು ಬಿಡಿಸುವುದು ಪ್ರತಿ ವರ್ಷದ ಕೆಲಸ.

ಈ ಕೆಲಸವನ್ನು ಮಾಡುವವರಾರು? ಅಮೆರಿಕದ ಅಪಲೇಷಿಯನ್ ಕಾಲುದಾರಿಯ ಉದ್ದ ಸುಮಾರು 3,500 ಕಿಲೋಮೀಟರ್. 1921ರಲ್ಲಿ ಬೆಂಟನ್ ಮೆಕ್ಕೇ ಅದರ ಕಲ್ಪನೆಯನ್ನು ಮುಂದಿಟ್ಟರು. 1937ರಲ್ಲಿ ದಾರಿ ಪೂರ್ಣಗೊಂಡಿತು. ಅದರ ದುರಸ್ತಿಯ ಬಹುಪಾಲು ಇಂದಿಗೂ ಸ್ವಯಂಸೇವಕರದೇ. ಬೇರೆ ಬೇರೆ ಸಂಘಗಳು ಒಂದೊಂದು ಭಾಗವನ್ನು ವಹಿಸಿಕೊಂಡಿವೆ. ಸಲಿಕೆ, ಗುದ್ದಲಿ, ಗರಗಸಗಳೇ ಅವರ ಮುಖ್ಯ ಸಲಕರಣೆ.

ನಮ್ಮಲ್ಲಿಯೂ ಶ್ರಮದಾನ ಹೊಸದಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ವಿದ್ಯಾರ್ಥಿಗಳು ಸಲಿಕೆ ಹಿಡಿಯುತ್ತಲೇ ಬಂದಿದ್ದಾರೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮುಂಗಾರಿಗೆ ಮುಂಚೆ ಒಂದು ಗುಡ್ಡದ ದಾರಿಯನ್ನು ವಹಿಸಿಕೊಳ್ಳಬಹುದಲ್ಲವೆ? ಗಿಡ ಕಡಿಯುವುದು, ಹೊಸ ದಾರಿ ಮಾಡುವುದು ಮಾತ್ರ ಬೇಡ. ಅಂಕುಡೊಂಕಾದ ದಾರಿಯನ್ನು ಬಿಟ್ಟು ನೆಟ್ಟಗೆ ಇಳಿಯುವುದೂ ಬೇಡ. ನೀವು ಇಳಿದ ಜಾಡಿನಲ್ಲೇ ನಾಳೆ ನೀರು ಇಳಿಯುತ್ತದೆ.

ಈ ಸಲ ಮಳೆ ಬಂದು ನಿಂತ ಕೂಡಲೇ ನಿಮ್ಮೂರಿನ ಗುಡ್ಡದ ದಾರಿಯನ್ನು ಒಮ್ಮೆ ನೋಡಿ ಬನ್ನಿ. ನೀರು ಎಲ್ಲಿ ದಾರಿಯನ್ನು ಸೇರಿದೆ, ಎಲ್ಲಿ ಬಿಟ್ಟು ಹೋಗಿದೆ ಎಂದು ಗುರುತಿಸಿ. ಮೊದಲ ಕಲ್ಲನ್ನು ಎಲ್ಲಿ ಹೂಳಬೇಕೆಂಬುದು ಆಗ ನಿಮಗೇ ತಿಳಿಯುತ್ತದೆ.